ಹಿಮ್ಮೇಳದ ವ್ಯಾಪಾರ

ಅಂಗಡಿ ಇಡುವವನಿಗೆ ಮೊದಲು ಬೇಕಾದದ್ದು ಬಂಡವಾಳ. ಎರಡನೆಯದು, ಉದ್ರಿ ಕೇಳಿದ ನೆಂಟರ ಮುಖ ನೋಡಿ ‘ಇಲ್ಲ’ ಎನ್ನುವ ಎದೆಗಾರಿಕೆ. ನಮ್ಮ ಕಾಲದಲ್ಲಿ ಪಟ್ಟಿ ಇಲ್ಲಿಗೆ ಮುಗಿಯುತ್ತಿತ್ತು. ಎರಡನೆಯದು ಇಲ್ಲದೆ ಮೊದಲನೆಯದನ್ನು ಕಳೆದುಕೊಂಡವರು ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯ ಎರಡೂ ಬದಿಗೆ ಈಗಲೂ ಸಿಗುತ್ತಾರೆ. ಇತ್ತೀಚೆಗೆ ಪಟ್ಟಿಗೆ ಮೂರನೆಯದೊಂದು ಸೇರಿಕೊಂಡಿದೆ: ಹಾಡು. ಎಸಿ ಇಲ್ಲದಿದ್ದರೂ ನಡೆದೀತು, ಚಿಲ್ಲರೆ ಇಲ್ಲದಿದ್ದರೆ ಫೋನ್‌ಪೇ ಇದೆ, ಆದರೆ ಹಾಡಿಲ್ಲದ ಅಂಗಡಿಗೆ ಜನ ಸೂತಕದ ಮನೆಗೆ ಕಾಲಿಟ್ಟಂತೆ ಅನುಮಾನಿಸುತ್ತಾ ಬರುತ್ತಾರಂತೆ. ಇದನ್ನು ನನಗೆ ತಿಳಿಸಿದವನು ಭಟ್ಕಳದ ಹತ್ತಿರದ ಮುಟ್ಟಳ್ಳಿಯಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ತೆರೆದ ನಮ್ಮ ಪಕ್ಕದ ಮನೆಯ ಹುಡುಗ.

ಹುಡುಗ ಎಂದರೆ ಅವನಿಗೆ ಈಗ ಎರಡು ಮಕ್ಕಳಿದ್ದಾರೆ. ಮಗ್ಗಿ ಕಲಿಸಿದ ಮಾಸ್ತರನಿಗೆ ಮಾತ್ರ ಅವನು ಸಾಯುವ ತನಕ ಹುಡುಗನೇ. ದುಬೈನ ದೊಡ್ಡದೊಂದು ಮಾಲಿನ ಬಟ್ಟೆ ವಿಭಾಗದಲ್ಲಿ ಕೆಲಸ ಮಾಡಿ, ಅಂಗಿ ಮಡಚುವ ವಿದ್ಯೆಯಲ್ಲಿ ಪಾರಂಗತನಾಗಿ ಊರಿಗೆ ಬಂದಿದ್ದ. ಅಲ್ಲಿ ಇಡೀ ದಿನ ಎಲ್ಲಿಂದಲೋ ಹಾಡು ಇಳಿದು ಬರುತ್ತಿತ್ತಂತೆ. “ಯಾರು ಹಾಕೂದು ಅಂತ ನಮ್ಮ ಮ್ಯಾನೇಜರಿಗೂ ಗೊತ್ತಿರ್ಲಿಲ್ಲ ಮಾಸ್ತರ್ರೆ. ನಿಲ್ಲಿಸೂಕೆ ಸ್ವಿಚ್ಚೂ ಇರ್ಲಿಲ್ಲ” ಎಂದು ಭಕ್ತಿಯಿಂದ ಹೇಳಿದ. ಆಕಾಶದಲ್ಲಿದ್ದ ಆ ಅದೃಶ್ಯ ಪುರುಷನ ಹುದ್ದೆಯನ್ನು ಮುಟ್ಟಳ್ಳಿ ಶಾಖೆಯಲ್ಲಿ ನಾನು ವಹಿಸಿಕೊಳ್ಳಬೇಕು ಎಂಬುದು ಅವನ ಬೇಡಿಕೆ. ನನ್ನ ಅರ್ಹತೆ ಇಷ್ಟೆ: ಮನೆಯಲ್ಲಿ ಹಳೆಯ ರೇಡಿಯೋ ಇದೆ, ವಿವಿಧ ಭಾರತಿ ಕೇಳುತ್ತಾ ಬಾಯಲ್ಲಿ ಗುನುಗುತ್ತೇನೆ, ಸಂಬಳ ಕೇಳುವುದಿಲ್ಲ. ಕೊನೆಯದೇ ಮುಖ್ಯ ಅರ್ಹತೆ ಎಂದು ನಮ್ಮ ಮನೆಯವಳ ಅಭಿಪ್ರಾಯ.

ನಿವೃತ್ತ ಮಾಸ್ತರನ ಕೈಗೆ ಕೆಲಸ ಕೊಟ್ಟರೆ ಅವನು ಮೊದಲು ಪುಸ್ತಕ ಹುಡುಕುತ್ತಾನೆ. ಅಂಗಡಿಯ ಹಾಡಿಗೂ ಒಂದು ಶಾಸ್ತ್ರವಿದೆ, ಪಂಡಿತರಿದ್ದಾರೆ, ಗಲ್ಲಾಪೆಟ್ಟಿಗೆಯ ಎದುರು ಗಡಿಯಾರ ಹಿಡಿದು ಕೂತು ಬರೆದ ಪ್ರಬಂಧಗಳಿವೆ ಎಂದು ಗೊತ್ತಾದದ್ದು ಆಗ. ಇದರ ಮೂಲಪುರುಷ ಅಮೆರಿಕದ ಸೈನ್ಯದ ಮೇಜರ್ ಜನರಲ್ ಜಾರ್ಜ್ ಓವೆನ್ ಸ್ಕ್ವಯರ್. ತಂತಿಯ ಮೂಲಕ ಅಂಗಡಿಗೆ, ಹೋಟೆಲಿಗೆ, ಕಚೇರಿಗೆ ಸಂಗೀತ ಕಳಿಸುವ ಕಂಪನಿಗೆ 1934ರಲ್ಲಿ ಅವನು ‘ಮ್ಯೂಜಾಕ್’ ಎಂದು ಹೆಸರಿಟ್ಟ. ಮ್ಯೂಸಿಕ್ಕಿನ ತಲೆಗೆ, ಆಗ ಜಗತ್ತಿನಲ್ಲೆಲ್ಲ ಓಡುತ್ತಿದ್ದ ಕೊಡಾಕ್ ಕ್ಯಾಮೆರಾದ ಬಾಲ ಜೋಡಿಸಿದ್ದು. ಅದೇ ವರ್ಷ ಅವನು ತೀರಿಕೊಂಡ. ಕಂಪನಿ ಮಾತ್ರ ಬೆಳೆಯಿತು. ಅವರ ಹಾಡಿಗೆ ಬಾಯಿಲ್ಲ, ಬರೇ ವಾದ್ಯ. ಬಾಯಿದ್ದರೆ ಜನ ಮಾತಿಗೆ ಕಿವಿಗೊಡುತ್ತಾರಲ್ಲ! ಕಾರ್ಖಾನೆ, ಕಚೇರಿಗಳಿಗೆ ಅವರು ಕಾಲು ಗಂಟೆಯ ಕಂತು ಮಾಡಿದರು. ನಿಧಾನದಿಂದ ಶುರುವಾಗಿ ಸ್ವಲ್ಪ ಸ್ವಲ್ಪವೇ ಚುರುಕಾಗುತ್ತಾ ಹೋಗುವ ಕಾಲು ಗಂಟೆ, ಆಮೇಲೆ ಕಾಲು ಗಂಟೆ ಮೌನ. ಕೆಲಸಗಾರನ ಕೈ ತನಗೆ ಗೊತ್ತಿಲ್ಲದಂತೆಯೇ ಚುರುಕಾಗಬೇಕು, ಅದು ಉದ್ದೇಶ. ಯಾರೂ ಗಮನವಿಟ್ಟು ಕೇಳದಿರುವುದೇ ಈ ಸಂಗೀತದ ಪರಮ ಸಾಧನೆ.

ಇದನ್ನು ಓದುವಾಗ 1934 ಎನ್ನುವ ಇಸವಿ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ತಲೆ ಕೆರೆದುಕೊಂಡೆ. ಕೇಳಿದ್ದೇ. ಅದೇ ವರ್ಷ ನಮ್ಮ ಹೊನ್ನಾವರ ತಾಲ್ಲೂಕಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಯಕ್ಷಗಾನ ಮಂಡಳಿ ಕಟ್ಟಿದ್ದು. ಒಂದೇ ವರ್ಷ, ಎರಡು ಹಿಮ್ಮೇಳ. ಅಮೆರಿಕದ್ದು ಯಾರೂ ಕೇಳಬಾರದು ಎಂದು ಹುಟ್ಟಿದ್ದು. ನಮ್ಮದು ಬೆಳಗಾಗುವ ತನಕ ಚಾಪೆ ಹಾಸಿ ಕೂತು ಕೇಳುವಂಥದ್ದು. ನಮ್ಮ ಆಟದಲ್ಲಿ ಭಾಗವತ, ಮದ್ದಳೆ, ಚಂಡೆ ಕೂರುವುದು ವೇಷಗಳ ಹಿಂದೆ, ನಿಜ. ಆದರೆ ಮೊದಲನೇ ವೇಷ ಭಾಗವತರದ್ದು ಎಂದೇ ಲೆಕ್ಕ. ಅವರು ಪದ್ಯ ಎತ್ತದೆ ಭೀಮನ ಗದೆಯೂ ಏಳುವುದಿಲ್ಲ. ರಾಜನ ಕಿರೀಟ ಜಾರಿದರೆ ಜನ ಸಹಿಸುತ್ತಾರೆ, ಭಾಗವತರ ತಾಳ ಜಾರಿದರೆ ಹಿಂದಿನ ಸಾಲಿನಿಂದ ಕೆಮ್ಮು ಕೇಳುತ್ತದೆ. ಹೀಗೆ ಹಿಂದೆ ಕೂತವನಿಗೇ ಹೆಚ್ಚು ಕಿವಿಗೊಟ್ಟು ಬೆಳೆದ ಜನರ ಮುಂದೆ ಹಿನ್ನೆಲೆ ಸಂಗೀತ ಇಟ್ಟು, ‘ಇದನ್ನು ಕೇಳಬೇಡಿ, ಸುಮ್ಮನೆ ಬನಿಯನ್ನು ತೆಗೆದುಕೊಳ್ಳಿ’ ಎಂದರೆ ಹೇಗೆ? ಈ ಸಂಶಯ ನನಗೆ ಮೊದಲ ದಿನವೇ ಬಂದಿತ್ತು. ಹುಡುಗನ ಉತ್ಸಾಹ ನೋಡಿ ಬಾಯಿ ಬಿಡಲಿಲ್ಲ.

ಹುಡುಗನಿಗೆ ಬೇಕಾಗಿದ್ದದ್ದು ಅಂಕಿ-ಅಂಶ. ಅದನ್ನೂ ಕೊಟ್ಟೆ. ರೊನಾಲ್ಡ್ ಮಿಲಿಮನ್ ಎಂಬ ಅಮೆರಿಕದ ಪ್ರಾಧ್ಯಾಪಕ 1982ರಲ್ಲಿ ಪ್ರಕಟಿಸಿದ ಪ್ರಯೋಗ ಈ ಶಾಸ್ತ್ರದಲ್ಲಿ ಬಹಳ ಪ್ರಸಿದ್ಧ. ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲವು ದಿನ ನಿಧಾನಗತಿಯ ಸಂಗೀತ, ಕೆಲವು ದಿನ ಚುರುಕಿನದು ಹಾಕಿ ನೋಡಿದ. ನಿಧಾನದ ದಿನಗಳಲ್ಲಿ ಜನ ಕಾಲೆಳೆದುಕೊಂಡು ತಿರುಗಿದರು, ಅದರಿಂದ ಹೆಚ್ಚು ಸಾಮಾನು ಕಣ್ಣಿಗೆ ಬಿತ್ತು, ವ್ಯಾಪಾರ ಚುರುಕಿನ ದಿನಗಳಿಗಿಂತ ಶೇಕಡಾ 38.2ರಷ್ಟು ಜಾಸ್ತಿಯಾಯಿತು. ಇನ್ನೊಂದು ಪ್ರಯೋಗ ಇಂಗ್ಲೆಂಡಿನದು, 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಸೂಪರ್‌ಮಾರ್ಕೆಟ್ಟಿನ ವೈನ್ ಕಪಾಟಿನ ಹತ್ತಿರ ಒಂದು ದಿನ ಫ್ರೆಂಚ್ ಸಂಗೀತ, ಮರುದಿನ ಜರ್ಮನ್ ಸಂಗೀತ. ಫ್ರೆಂಚ್ ಸಂಗೀತದ ದಿನಗಳಲ್ಲಿ ಫ್ರೆಂಚ್ ವೈನು 40 ಬಾಟಲಿ ಹೋದರೆ ಜರ್ಮನಿಯದು 8. ಜರ್ಮನ್ ಸಂಗೀತದ ದಿನಗಳಲ್ಲಿ ಜರ್ಮನಿಯದು 22, ಫ್ರೆಂಚ್ 12. ಕೊಂಡವರನ್ನು ಕೇಳಿದರೆ ಹೆಚ್ಚಿನವರು ಹಾಡಿಗೂ ತಮಗೂ ಸಂಬಂಧವೇ ಇಲ್ಲ ಎಂದರು.

ಹುಡುಗನ ಕಣ್ಣು ಹೊಳೆಯಿತು. “ಅಂದ್ರೆ ಮಂಗಳೂರು ಕಡೆ ಹಾಡು ಹಾಕಿದ್ರೆ ಉಡುಪಿ ಸೀರೆ ಹೋಗ್ತದೆ, ಹಿಂದಿ ಹಾಡು ಹಾಕಿದ್ರೆ ಕುರ್ತಾ ಹೋಗ್ತದೆ!” ಎಂದ. “ಒಳ ಉಡುಪಿಗೆ ಎಂತ ಹಾಕ್ತೆ?” ಎಂದು ಕೇಳಿದೆ. ಅವನ ಬಳಿ ಉತ್ತರ ಇರಲಿಲ್ಲ. ‘ನೇಚರ್’ ಪತ್ರಿಕೆಯ ಬಳಿಯೂ ಇರಲಿಕ್ಕಿಲ್ಲ.

ನಮ್ಮ ಪೇಟೆಗೆ ಹಾಡು ಹೊಸತೇನಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಭಟ್ಕಳದ ಎಷ್ಟೋ ಮನೆಗಳಿಂದ ಜನ ಕೊಲ್ಲಿಗೆ ಹೋಗಿ ದುಡಿಯತೊಡಗಿದ ಮೇಲೆ ಊರಿಗೆ ಬಂದ ಮೊದಲ ಅದ್ಭುತಗಳಲ್ಲಿ ಟೇಪ್‌ರೆಕಾರ್ಡರ್ ಒಂದು. ಅತ್ತರು, ಟಾರ್ಚು, ಕಂಬಳಿಯ ಜೊತೆ ಅದೂ ಪೆಟ್ಟಿಗೆಯಿಂದ ಇಳಿಯುತ್ತಿತ್ತು. 1978ರಲ್ಲಿ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟಾಗಿ ಬಂದ ನಂತರ ಮಾಸ್ತರರ ಮನೆಗಳಿಗೂ ಆ ಯಂತ್ರ ಕಾಲಿಟ್ಟಿತು. ಆದರೆ ನಮ್ಮ ಕರಾವಳಿಯನ್ನು ನಿಜವಾಗಿ ಕ್ಯಾಸೆಟ್ಟಿನ ಗುಲಾಮರನ್ನಾಗಿ ಮಾಡಿದ್ದು ಯಕ್ಷಗಾನ, ಅದರಲ್ಲೂ ಗುಂಡ್ಮಿ ಕಾಳಿಂಗ ನಾವಡರ ಕಂಠ. 1990ರಲ್ಲಿ ಎಳೆಯ ಪ್ರಾಯದಲ್ಲೇ ಅವರು ತೀರಿಕೊಂಡ ಮೇಲಂತೂ ಆ ಕ್ಯಾಸೆಟ್ಟುಗಳು ಬಸ್‌ಸ್ಟ್ಯಾಂಡಿನ ಬೀಡಾ ಅಂಗಡಿಗಳಲ್ಲೆಲ್ಲ ತಿರುಗಿದವು. ಹೊನ್ನಾವರದ ಕಡೆಯ ಒಬ್ಬ ಕ್ಯಾಸೆಟ್ ವ್ಯಾಪಾರಿ ಈ ವಿಷಯದಲ್ಲಿ ಅಮೆರಿಕದ ಪ್ರಾಧ್ಯಾಪಕರಿಗೆಲ್ಲ ಪಾಠ ಹೇಳಬಲ್ಲವನಾಗಿದ್ದ. ಅಂಗಡಿಯ ಎದುರು ಜನ ಸೇರುವ ತನಕ ಪದ್ಯ ಹಾಕುತ್ತಿದ್ದ. ಸರಿಯಾಗಿ ಕತೆ ಕುದಿಯುವ ಹೊತ್ತಿಗೆ, ಆ ಪದ್ಯದ ಮೂರನೇ ಸಾಲಿಗೆ, ಟಪ್ ಎಂದು ಗುಂಡಿ ಒತ್ತಿ ನಿಲ್ಲಿಸುತ್ತಿದ್ದ. ಕಾರವಾರದ ಬಸ್ಸು ತಪ್ಪಿಸಿಕೊಂಡು ನಿಂತವರಿಗೆ ನಾಲ್ಕನೇ ಸಾಲು ಬೇಕಾದರೆ ಕ್ಯಾಸೆಟ್ ಕೊಳ್ಳದೆ ಗತಿಯಿರಲಿಲ್ಲ. ಬೇರೆಯವರು ಹಾಡು ಹಾಕಿ ಮಾಲು ಮಾರುತ್ತಾರೆ, ಅವನು ಹಾಡು ನಿಲ್ಲಿಸಿ ಮಾರುತ್ತಿದ್ದ.

ಮುಟ್ಟಳ್ಳಿಯ ಪ್ರಯೋಗ ಭಕ್ತಿಯಿಂದ ಆರಂಭವಾಯಿತು. ಬೆಳಿಗ್ಗೆ ಬೋಣಿಯ ಹೊತ್ತಿಗೆ ಸುಪ್ರಭಾತ. ಎಂ. ಎಸ್. ಸುಬ್ಬುಲಕ್ಷ್ಮಿಯವರದ್ದೇ ಆಗಬೇಕು ಎಂದು ನನ್ನ ಹಟ. ಸ್ಪೀಕರು ಬ್ಲೂಟೂತಿನದು. ಶುರು ಮಾಡುವಾಗ ಒಬ್ಬ ಇಂಗ್ಲಿಷ್ ಹೆಂಗಸು ಒಳಗಿಂದ ಏನೋ ಗದರುತ್ತಾಳೆ, ಆಮೇಲೆ ದೇವರು ಏಳುತ್ತಾನೆ. ದೇವರು ಅರ್ಧ ಎದ್ದಿರುವಾಗ ಯೂಟ್ಯೂಬು ನಡುವೆ ಬಾಯಿ ಹಾಕಿ, ರಮ್ಮಿ ಆಡಿ ಲಕ್ಷ ಗೆಲ್ಲಿ ಎಂದು ತಿರುಪತಿ ತಿಮ್ಮಪ್ಪನಿಗೇ ಆಮಿಷ ಒಡ್ಡಿತು. ಅದಾದರೂ ಸಹ್ಯ. ನಿಜವಾದ ತೊಂದರೆ ಬೇರೆ. ಅರ್ಧಕ್ಕರ್ಧ ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು, ಗಲ್ಲಾಪೆಟ್ಟಿಗೆಯ ಮೇಲಿದ್ದ ಗಣಪತಿಗೆ ಕೈಮುಗಿದು, ಅಷ್ಟಕ್ಕೇ ಕೆಲಸ ಮುಗಿಯಿತು ಎಂಬಂತೆ ಹೊರಟರು. ಉಳಿದವರ ಹತ್ತಿರ ಹುಡುಗನಿಗೆ ವ್ಯಾಪಾರ ಮಾಡಲಾಗಲಿಲ್ಲ. “ಸುಪ್ರಭಾತ ಓಡ್ತಾ ಇರುವಾಗ ‘ಅಸಲಿಗೇ ಕೊಡ್ತಾ ಇದ್ದೆ ಅಕ್ಕಾ’ ಅಂತ ಹೇಳೂಕೆ ನಾಲಗೆ ಬರೂದಿಲ್ಲ ಮಾಸ್ತರ್ರೆ” ಎಂದು ಸಂಕಟ ತೋಡಿಕೊಂಡ. ಬಟ್ಟೆ ವ್ಯಾಪಾರದಲ್ಲಿ ಆ ಒಂದು ವಾಕ್ಯ ಹೇಳಲಾಗದಿದ್ದರೆ ಬಾಗಿಲು ತೆರೆಯುವುದೇ ವ್ಯರ್ಥ. ಹಾಡು ಗಿರಾಕಿಯ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ಅಂಗಡಿಯವನ ಮೇಲೆ ಹೇಗೆ ಎಂದು ಯಾರಾದರೂ ಬರೆಯಬೇಕು.

ಭಕ್ತಿಯಿಂದ ಭಾವಕ್ಕೆ ಇಳಿದೆವು. ಮಿಲಿಮನ್ ಹೇಳಿದ ನಿಧಾನಗತಿ ಭಾವಗೀತೆಗಿಂತ ಚೆನ್ನಾಗಿ ಬೇರೆಲ್ಲಿ ಸಿಕ್ಕೀತು? ಜನ ನಿಧಾನವಾದರು, ಅದರಲ್ಲಿ ಎರಡು ಮಾತಿಲ್ಲ. ಎಷ್ಟು ನಿಧಾನ ಎಂದರೆ, ನಿವೃತ್ತ ಪೋಸ್ಟ್‌ಮನ್ ಒಬ್ಬರು ಅಂಗಿಯ ರಾಶಿಯ ಮೇಲೆ ಕೈಯಿಟ್ಟುಕೊಂಡು ನಿಂತವರು, ಮೂರು ಹಾಡು ಮುಗಿದ ಮೇಲೆ ದೀರ್ಘವಾಗಿ ಉಸಿರುಬಿಟ್ಟು, “ಎಷ್ಟು ದಿನದ ಬದುಕು ಹೇಳು ತಮ್ಮಾ, ಇದ್ದ ಅಂಗಿಯೇ ಸಾಕು” ಎಂದು ಹೊರಟುಹೋದರು. ಭಾವಗೀತೆಯಲ್ಲಿ ಬಹುಪಾಲು ವಿರಹ, ಉಳಿದದ್ದು ವೈರಾಗ್ಯ. ಎರಡೂ ಹೊಸ ಪ್ಯಾಂಟಿಗೆ ಅನುಕೂಲವಲ್ಲ.

ಸಿನಿಮಾ ಹಾಡಾದರೂ ನಮ್ಮವರದ್ದೇ ಆಗಲಿ ಎಂದು ಜಯಂತ ಕಾಯ್ಕಿಣಿಯವರ ಗೀತೆಗಳನ್ನು ಸೇರಿಸಿದೆ. ಗೋಕರ್ಣದವರು, ಅಂದರೆ ನಮ್ಮ ಕುಮಟಾ ತಾಲ್ಲೂಕಿನವರು. 2006ರ ಕೊನೆಗೆ ‘ಮುಂಗಾರು ಮಳೆ’ ಬಂದ ಮೇಲೆ ಮುಂದಿನ ಒಂದು ವರ್ಷ ಕರ್ನಾಟಕದ ಯಾವ ಅಂಗಡಿಗೆ ಹೋದರೂ ಅದೇ ಹಾಡು. ಚಪ್ಪಲಿ ಅಂಗಡಿಯಲ್ಲೂ ಅದೇ, ಔಷಧಿ ಅಂಗಡಿಯಲ್ಲೂ ಅದೇ. ಆದರೆ ಬೆಂಗಳೂರಿನವರಿಗೆ ಅದು ಹಾಡು; ನಮಗೆ ಅದು ನೆಂಟಸ್ತಿಕೆ. “ಇದು ಬರೆದವ್ರ ಮನೆ ನಮ್ಮ ಅತ್ತೆಮನೆ ಹತ್ತಿರ” ಎಂದು ಒಬ್ಬರು ಶುರು ಮಾಡಿದರೆ, “ಅವರ ಅಪ್ಪ ಗೌರೀಶ ಕಾಯ್ಕಿಣಿಯವ್ರು ನಮ್ಮ ಮಾವನಿಗೆ ಮಾಸ್ತರ್ರು” ಎಂದು ಇನ್ನೊಬ್ಬರು. ಮಾತು ಗೋಕರ್ಣ ಮುಟ್ಟಿ, ಬಂಕಿಕೊಡ್ಲ ಸುತ್ತಿ, ಹನೇಹಳ್ಳಿಗೆ ಹೋಗಿ ಯಶವಂತ ಚಿತ್ತಾಲರನ್ನು ಮಾತಾಡಿಸಿ ತಿರುಗಿ ಮುಟ್ಟಳ್ಳಿಗೆ ಬರುವ ಹೊತ್ತಿಗೆ ಊಟದ ವೇಳೆ. ಬಂದವರಲ್ಲಿ ಒಬ್ಬರ ಕೈಯಲ್ಲೂ ಪೊಟ್ಟಣವಿಲ್ಲ.

ಮೇ ತಿಂಗಳಲ್ಲಿ ಇದೇ ಸಾಲಿನ ಇನ್ನೊಂದು ಹಾಡು ಘಾತ ಮಾಡಿತು. ಮೊದಲಿಗೇ ಗುಡುಗು, ಹಿಂದೆಯೇ ಧೋ ಎನ್ನುವ ಮಳೆಯ ಸದ್ದು. ಸ್ಪೀಕರು ಒಳ್ಳೆಯದು, ಗುಡುಗು ಮೂಲೆಯಿಂದ ಮೂಲೆಗೆ ಉರುಳಿತು. ನೈಟಿ ಆರಿಸುತ್ತಿದ್ದ ಮೂವರು ಹೆಂಗಸರು ಒಟ್ಟಿಗೇ “ಹಪ್ಪಳ!” ಎಂದು ಕೂಗಿ ಎದ್ದರು. ಹಲಸಿನಕಾಯಿ ಹಪ್ಪಳ ಅಂಗಳದಲ್ಲಿ ಒಣಗುತ್ತಿದೆ, ಒಬ್ಬರದ್ದು ಒಣಮೀನೂ ಇದೆ. ಹುಡುಗ “ಅದು ಹಾಡು, ಅದು ಹಾಡು” ಎಂದು ರಸ್ತೆಯ ತನಕ ಓಡಿದ. ಮುಟ್ಟಳ್ಳಿಯಲ್ಲಿ ಮೇ ತಿಂಗಳ ಗುಡುಗನ್ನು ಯಾರೂ ಹಾಡು ಎಂದು ನಂಬುವುದಿಲ್ಲ. ಜೂನಿನಿಂದ ಸಪ್ಟೆಂಬರ್ ತನಕದ ಮಾತು ಬಿಡಿ. ಮುಂದಿನ ಶೀಟಿನ ಮಾಡಿಗೆ ಮಳೆ ಹೊಡೆಯುವಾಗ ಹಾಡಲ್ಲ, ಗಿರಾಕಿ ಹೇಳಿದ ಅಳತೆಯೂ ಕೇಳುವುದಿಲ್ಲ. 38 ಎಂದದ್ದು 30 ಎಂದು ಕೇಳಿ ಕೊಟ್ಟ ಪ್ಯಾಂಟುಗಳು ಮರುದಿನ ಒದ್ದೆಯಾಗಿ ಮರಳಿ ಬರುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನ ಅಂಗಡಿಯಲ್ಲಿ ಮಿಲಿಮನ್ ಪ್ರಯೋಗ ಮಾಡಿಲ್ಲ.

ಹಳೆಯ ಹಿಂದಿ ಹಾಡುಗಳು ತಕ್ಕಮಟ್ಟಿಗೆ ನಡೆದವು. ಕನ್ನಡ, ಕೊಂಕಣಿ, ನವಾಯತಿ, ಉರ್ದು ಎಲ್ಲ ಒಂದೇ ಬೀದಿಯಲ್ಲಿ ಓಡಾಡುವ ಊರಿಗೆ ರಫಿ, ಮುಕೇಶ್ ಎಂದರೆ ಎಲ್ಲರ ಮಧ್ಯದ ದಾರಿ. ಅಜಾನ್ ಶುರುವಾದ ಕೂಡಲೇ ಹುಡುಗ ಸ್ಪೀಕರು ನಿಲ್ಲಿಸುತ್ತಾನೆ. ಅದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ, ಅದು ಈ ಪೇಟೆಯ ರೂಢಿ. ಒಮ್ಮೆ ಹೀಗೆ ನಿಲ್ಲಿಸಿದವನು ಮತ್ತೆ ಹಾಕಲು ಮರೆತ. ಮಗುವಿಗೆ ಫ್ರಾಕು ನೋಡುತ್ತಿದ್ದ ಬುರ್ಖಾ ತೊಟ್ಟ ಹೆಂಗಸು ಎರಡು ಸಲ ಗಲ್ಲಾದ ಕಡೆ ನೋಡಿ, ಕೊನೆಗೆ ತಡೆಯಲಾರದೆ, “ಅಜಾನ್ ಮುಗಿದು ಎಷ್ಟೊತ್ತಾಯ್ತು, ಆ ಹಾಡು ಅರ್ಧಕ್ಕೇ ನಿಂತಿದೆಯಲ್ಲ” ಎಂದರು. ಆಗ ನನ್ನ ಸಂಶಯ ಪೂರ್ತಿ ಗಟ್ಟಿಯಾಯಿತು. ಇಂಗ್ಲೆಂಡಿನ ವೈನ್ ಗಿರಾಕಿಗೆ ಹಾಡು ತನ್ನ ಮೇಲೆ ಕೆಲಸ ಮಾಡಿದ್ದೇ ತಿಳಿಯಲಿಲ್ಲ. ನಮ್ಮ ಗಿರಾಕಿ ಫ್ರಾಕಿನ ಹೊಲಿಗೆ ನೋಡುತ್ತಲೇ ಹಾಡಿನ ಎಷ್ಟನೇ ಚರಣ ಬಾಕಿ ಎಂದು ಲೆಕ್ಕ ಇಟ್ಟಿರುತ್ತಾರೆ.

ಎದುರಿನ ಅತ್ತರು-ಟೋಪಿ ಅಂಗಡಿಯ ಹಿರಿಯ ಸಾಹೇಬರ ಅಂಗಡಿಯಲ್ಲಿ ಹಾಡೇ ಇಲ್ಲ. ಅವರ ಶ್ರದ್ಧೆಗೆ ಅದು ಒಗ್ಗದು. ಆದರೂ ಅಲ್ಲಿ ಯಾವಾಗಲೂ ಜನ. ಒಂದು ಸಂಜೆ ಸುಲೇಮಾನಿ ಚಾ ತರಿಸಿಕೊಟ್ಟು ಗುಟ್ಟು ಹೇಳಿದರು: “ಗಿರಾಕಿ ಮಾತಾಡ್ಬೇಕು ಮಾಸ್ಟರ್ ಸಾಬ್. ಅವ್ನು ಮಾತಾಡಿದ್ರೆ ಮನೇಲಿ ಮದುವೆ ಇದೆಯಾ, ಮಗ ದುಡ್ಡು ಕಳ್ಸಿದ್ದಾನಾ, ಎಲ್ಲಾ ಗೊತ್ತಾಗ್ತದೆ. ನಿಮ್ಮ ಹುಡ್ಗ ಸ್ಪೀಕರ್ ಹಾಕಿ ಗಿರಾಕಿ ಬಾಯಿ ಮುಚ್ಚಿಸಿದ್ದಾನೆ. ಜೇಬಲ್ಲಿ ಎಷ್ಟಿದೆ ಅಂತ ಇನ್ನು ಸ್ಪೀಕರನ್ನೇ ಕೇಳ್ಬೇಕು.” ಚೌಕಾಸಿ ಎಂಬುದು ಎರಡು ಕಂಠಗಳ ಕಛೇರಿ. ಮೂರನೆಯ ಕಂಠಕ್ಕೆ ಅಲ್ಲಿ ಜಾಗವಿಲ್ಲ ಎಂದು ನನಗೂ ಅನ್ನಿಸಿತು. ದರ ಬರೆದಂಟಿಸಿದ ದೊಡ್ಡ ಮಾಲ್‌ಗಳಲ್ಲಿ ಮಾತಿಗೆ ಕೆಲಸವಿಲ್ಲ. ಆ ಖಾಲಿ ಜಾಗ ತುಂಬಲು ಅವರಿಗೆ ಹಾಡು ಬೇಕು. ಭಟ್ಕಳದ ರವಿವಾರದ ಸಂತೆಯಲ್ಲಿ ಯಾರಿಗಾದರೂ ಹಿನ್ನೆಲೆ ಸಂಗೀತದ ಕೊರತೆ ಕಂಡಿದೆಯೇ? ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವ್ಯಾಪಾರದ ಜಾಗದಲ್ಲಿ ಹಗಲಿನ ಮಿತಿ 65 ಡೆಸಿಬಲ್. ಆ ಮಿತಿಯೊಳಗೆ ಬದನೆಕಾಯಿ ದರ ಇಳಿಸಿದವರನ್ನು ನಾನು ನೋಡಿಲ್ಲ.

ಹುಡುಗ ಹಿಂಜರಿಯಲಿಲ್ಲ. ಹಿಂಜರಿಯುವಂತೆ ಮಾಡಿದ್ದು ಫೋನು. ಹಾಡು ಬರುವುದು ಅವನ ಮೊಬೈಲಿನಿಂದ, ಮೊಬೈಲು ಸ್ಪೀಕರಿಗೆ ಅಂಟಿಕೊಂಡಿದೆ. ಒಂದು ಮಧ್ಯಾಹ್ನ ಅಂಗಡಿ ತುಂಬ ಜನ, ಹಾಡು ರಂಗೇರಿದೆ, ಹುಡುಗ ಏಣಿ ಹತ್ತಿ ಮೇಲಿನ ಕಪಾಟಿನಿಂದ ಡಬ್ಬ ಇಳಿಸುತ್ತಿದ್ದಾನೆ. ಫೋನು ಬಂತು. ಸಹಾಯಕ್ಕಿದ್ದ ಪೋರ ಪಾಪ, ಕರೆ ತೆಗೆದ. ಹುಬ್ಬಳ್ಳಿಯ ಸಗಟು ವ್ಯಾಪಾರಿಯ ಧ್ವನಿ ನಾಲ್ಕೂ ಮೂಲೆಯಿಂದ ಮೊಳಗಿತು: “ಹಲೋ, ನೀವ್ ಹೇಳಿದ್ದ ನೈಟಿ ಕಳ್ಸೀನ್ರಿ, ಡಜನ್‌ಗೆ ಸಾವಿರದ ನಾನೂರಾ ನಲವತ್ತರ ಲೆಕ್ಕದಾಗ. ಹೋದ್ ಸಲದ ಬಾಕಿ ಯಾವಾಗ ಕಳಸ್ತೀರಿ?” ಹುಡುಗ ಏಣಿಯಿಂದ ಇಳಿಯುವಷ್ಟರಲ್ಲಿ, ಮುನ್ನೂರೈವತ್ತರ ನೈಟಿಯನ್ನು ಮುನ್ನೂರಕ್ಕೆ ಕೇಳುತ್ತಿದ್ದ ಮೇಲಿನ ಕೇರಿಯ ಅಕ್ಕ ಬೆರಳು ಮಡಚಿ ಭಾಗಾಕಾರ ಮುಗಿಸಿದ್ದರು. ಅವರೂ ನನ್ನ ಶಿಷ್ಯೆಯೇ. “ನೂರಾ ಇಪ್ಪತ್ತು ಬಿತ್ತು ಅಲ್ವಾ ತಮ್ಮಾ? ಅಸಲಿಗೇ ಕೊಡ್ತೆ ಅಂದಿದ್ದೆ” ಎಂದು ಶಾಂತವಾಗಿ ಹೇಳಿದರು. ಹಾಡು ಕೇಳಿ ಜನ ಎಷ್ಟು ಕೊಂಡರೋ ಗೊತ್ತಿಲ್ಲ, ಈ ಒಂದು ಪ್ರಸಾರಕ್ಕೆ ನೈಟಿಯ ಕಪಾಟು ಖಾಲಿಯಾಯಿತು. ಶೇಕಡಾ 38.2 ಎಲ್ಲಿಯ ಲೆಕ್ಕ!

ಇಷ್ಟಾಗಿ, ಮುಟ್ಟಳ್ಳಿಯಲ್ಲಿ ಗಿರಾಕಿಯನ್ನು ಎಳೆಯುವ ಸಂಗೀತವೇ ಇಲ್ಲವೇ ಎಂದು ಕೇಳಿದರೆ, ಇದೆ. ಅದು ಎರಡೇ ಸ್ವರದ್ದು. ಹತ್ತೂವರೆಯ ಸುಮಾರಿಗೆ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡ ಮೀನಿನವನು ತಿರುವಿನಲ್ಲಿ ಬಂದು ರಬ್ಬರ್ ಹಾರ್ನು ಹಿಚುಕುತ್ತಾನೆ: ಪೋಂ, ಪೋಂ. ಅಷ್ಟೇ. ರಫಿ ಇರಲಿ, ಸುಬ್ಬುಲಕ್ಷ್ಮಿ ಇರಲಿ, ಬಟ್ಟೆ ಅಂಗಡಿ ಖಾಲಿ. ಸೀರೆಯ ಮಡಿಕೆ ಬಿಚ್ಚಿದಲ್ಲಿಗೇ ಬಿಟ್ಟು, “ಬಂಗಡೆ ಇದೆಯಾ ನೋಡ್ಕಂಡು ಬಂದೆ” ಎಂದು ಹೋದವರು ಮತ್ತೆ ಬರುವುದು ಕೈಯಲ್ಲಿ ಚೀಲ ಹಿಡಿದು. ಆ ಚೀಲದೊಂದಿಗೆ ಅವರನ್ನು ಸೀರೆಯ ಹತ್ತಿರ ಬಿಟ್ಟುಕೊಳ್ಳುವುದು ಹುಡುಗನಿಗೆ ಕಷ್ಟ, ಬಿಡದಿರುವುದು ಇನ್ನೂ ಕಷ್ಟ. ಬೆಕ್ಕುಗಳಿಗೂ ಆ ರಾಗ ಬಾಯಿಪಾಠ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧ ಇರುವಾಗ ಹಾರ್ನಿನ ಸಂಖ್ಯೆ ಇಳಿಯುತ್ತದೆ. ಬಟ್ಟೆ ಅಂಗಡಿಯಲ್ಲಿ ಆ ಎರಡು ತಿಂಗಳು ಗಿರಾಕಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದು ಹುಡುಗ ಕಂಡುಕೊಂಡಿದ್ದಾನೆ.

ಕಾನೂನಿನ ಭಾಗವನ್ನೂ ನಾನೇ ಓದಿ ತಿಳಿಸಬೇಕಾಯಿತು. ಅಂಗಡಿಯಲ್ಲಿ ಹತ್ತು ಜನ ಕೇಳುವಂತೆ ಸಿನಿಮಾ ಹಾಡು ಹಾಕುವುದೆಂದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಅದು ಸಾರ್ವಜನಿಕ ಪ್ರಸಾರ. ಧ್ವನಿಮುದ್ರಣದ ಹಕ್ಕಿನವರಿಗೆ ಬೇರೆ, ಸಾಹಿತ್ಯ-ಸಂಗೀತದ ಹಕ್ಕಿನವರಿಗೆ ಬೇರೆ, ಪರವಾನಗಿ ಶುಲ್ಕ ಕಟ್ಟಬೇಕು. ಪಿಪಿಎಲ್, ಐಪಿಆರ್‌ಎಸ್ ಎಂಬ ಸಂಸ್ಥೆಗಳು ಅದಕ್ಕೆಂದೇ ಇವೆ. ಹಾಡಿದವರಿಗೂ ಬರೆದವರಿಗೂ ಪಾಲು ಸಿಗಬೇಕಾದ್ದು ನ್ಯಾಯವೇ. ಹುಡುಗನಿಗೆ ಮಾತ್ರ ಇದು ಆಘಾತ: “ಗಾಳೀಲಿ ಹೋಗೂ ಹಾಡಿಗೂ ದುಡ್ಡಾ?” ಅದೇ ಕಾಯ್ದೆಯ 52ನೇ ಕಲಮಿನಲ್ಲಿ ಧಾರ್ಮಿಕ ಸಮಾರಂಭಕ್ಕೆ, ಮದುವೆಯ ದಿಬ್ಬಣಕ್ಕೆ ವಿನಾಯಿತಿ ಇದೆ ಎಂದು ಸಮಾಧಾನಕ್ಕೆ ಹೇಳಿದೆ. ಹುಡುಗ ಯೋಚನೆಗೆ ಬಿದ್ದ. ಮದುವೆ ಜವಳಿ ಕೊಳ್ಳಲು ಬರುವವರನ್ನು ದಿಬ್ಬಣವೆಂದೇ ಪರಿಗಣಿಸಬಹುದೇ ಎಂದು ಮರುದಿನ ಬಂದು ಕೇಳಿದ. ಗಂಡು-ಹೆಣ್ಣಿನ ಎರಡೂ ಕಡೆಯವರು ಜೀಪಿನಲ್ಲಿ ತುಂಬಿಕೊಂಡು ಬಂದು, ದಾರಿಯಲ್ಲೇ ಜಗಳ ಶುರು ಮಾಡಿ, ಅಂಗಡಿಯಲ್ಲಿ ಮುಂದುವರಿಸುವ ರೀತಿ ನೋಡಿದರೆ ಪರಿಗಣಿಸಬಹುದು ಎಂದೇ ನನ್ನ ಅಭಿಪ್ರಾಯ. ನ್ಯಾಯಾಲಯದ ಅಭಿಪ್ರಾಯ ಬೇರೆ ಇದ್ದೀತು. ಕೊನೆಗೆ ಹುಡುಗ ಶುಲ್ಕ ಕಟ್ಟಿದ. ಕಟ್ಟಿದ ದುಡ್ಡು ಹುಟ್ಟಬೇಕಲ್ಲ ಎಂದು ಸ್ಪೀಕರಿನ ಧ್ವನಿ ಒಂದು ಗೆರೆ ಏರಿಸಿದ.

ಎಲ್ಲ ದಾರಿಯೂ ಮುಗಿದ ಮೇಲೆ ನಾವು ಯಕ್ಷಗಾನಕ್ಕೆ ಬಂದೆವು. ಬರಲೇಬೇಕಿತ್ತು. ಮಿಲಿಮನ್ ಸೂತ್ರವನ್ನೇ ಹಿಡಿದು ನಾನು ಒಂದು ವೇಳಾಪಟ್ಟಿ ಬರೆದುಕೊಟ್ಟೆ. ಹಗಲಿಗೆ ವಿಳಂಬದ ಶೃಂಗಾರ ಪದ್ಯಗಳು, ಜನ ನಿಂತು ನೋಡಿ ಕೊಳ್ಳಲಿ. ರಾತ್ರಿ ಎಂಟೂವರೆಗೆ, ಬಾಗಿಲು ಹಾಕುವ ಹೊತ್ತಿಗೆ, ಚಂಡೆಯ ಏರುಪದ್ಯ, ಜನ ಲಗುಬಗೆಯಿಂದ ಹೊರಡಲಿ. ಶಾಸ್ತ್ರ ಹಾಗೆಯೇ ಹೇಳುತ್ತದೆ. ಮೊದಲ ರಾತ್ರಿ ಏರುಪದ್ಯ ಬಿತ್ತು. ಹೊರಡಬೇಕಾದವರು ನಿಂತರು. ರಸ್ತೆಯಲ್ಲಿ ಹೋಗುತ್ತಿದ್ದವರು ಬೈಕು ನಿಲ್ಲಿಸಿ ಒಳಗೆ ಬಂದರು. ಯುದ್ಧ ನಡೆಯುವಾಗ ಎದ್ದು ಹೋಗುವುದು ನಮ್ಮ ಕಡೆ ಪದ್ಧತಿಯಲ್ಲ. ಒಂದೋ ಒಬ್ಬ ಸಾಯಬೇಕು, ಇಲ್ಲ ಮಂಗಳ ಹಾಡಬೇಕು. ಹುಡುಗ ಶಟರನ್ನು ಅರ್ಧ ಇಳಿಸಿ ಹಿಡಿದುಕೊಂಡು ನಿಂತೇ ಇದ್ದ. ಒಳಗೆ ನಾವಡರು ಹೆಚ್ಚೋ ಸುಬ್ರಹ್ಮಣ್ಯ ಧಾರೇಶ್ವರರು ಹೆಚ್ಚೋ ಎಂಬ ಚರ್ಚೆ ಶುರುವಾಗಿ, ಕಡತೋಕಾ ಮಂಜುನಾಥ ಭಾಗವತರ ಪಕ್ಷದ ಒಬ್ಬ ಮುದುಕರು ಎರಡೂ ಕಡೆಯವರನ್ನು ಬಯ್ದು, ಅದು ತಣ್ಣಗಾಗುವ ಹೊತ್ತಿಗೆ ಹತ್ತು ಗಂಟೆ.

ಈಗ ವಿಷಯ ಇಲ್ಲಿಗೆ ನಿಂತಿದೆ. ಸಂಜೆ ಐದಕ್ಕೆ ಅಂಗಡಿಯಲ್ಲಿ ತಾಳಮದ್ದಳೆಯೋ ಪ್ರಸಂಗವೋ ಶುರುವಾಗುತ್ತದೆ. ಜನ ಸೇರುತ್ತಾರೆ, ಅದಕ್ಕೆ ಕೊರತೆಯಿಲ್ಲ. ಹುಡುಗ ಎರಡು ಬೆಂಚು ಹಾಕಿಸಿದ್ದಾನೆ. ಅರ್ಥಗಾರಿಕೆ ಬಿಸಿಯಾದಾಗ ಒಬ್ಬರು ಎದ್ದು ಟವೆಲ್ಲು ಕೊಳ್ಳುವುದೂ ಉಂಟು, ಬೆವರು ಒರೆಸಿಕೊಳ್ಳಲು. ಮಿಲಿಮನ್ ಸುಳ್ಳು ಹೇಳಿರಲಿಲ್ಲ, ನಿಧಾನ ಸಂಗೀತಕ್ಕೆ ಜನ ನಿಂತರೆ ವ್ಯಾಪಾರ ಏರಿಯೇ ಏರುತ್ತದೆ. ಏರಿದ್ದು ಮಾತ್ರ ಪಕ್ಕದ ಚಾ ಹೋಟ್ಲಿನದು. ಬನ್ಸು ಆರು ಗಂಟೆಗೇ ಮುಗಿಯುತ್ತಿದೆ, ಅವಲಕ್ಕಿ-ಮೊಸರಿಗೆ ಸರದಿ. ಹೋಟ್ಲಿನವರಿಗೆ ಹುಡುಗನ ಮೇಲೆ ಬಹಳ ಪ್ರೀತಿ ಬಂದಿದೆ, ಪರವಾನಗಿ ಶುಲ್ಕದಲ್ಲಿ ಮುಂದಿನ ವರ್ಷ ಅರ್ಧ ತಾವು ಕೊಡುವುದಾಗಿ ಹೇಳಿದ್ದಾರೆ. ನಿನ್ನೆ ರಾತ್ರಿ ನಾನು ಮನೆಗೆ ಹೊರಟಾಗ ಲೋಟ ತೊಳೆಯುತ್ತಿದ್ದವರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ದನಿ ತಗ್ಗಿಸಿ ಕೇಳಿದರು:

“ಮಾಸ್ತರ್ರೆ, ನಾಳೆ ಕರ್ಣಪರ್ವ ಪೂರ್ತಿ ಹಾಕ್ತ್ರಾ, ಇಲ್ಲ ಅರ್ಧಕ್ಕೇ ಬಿಡ್ತ್ರಾ? ಹಾಲು ಎಷ್ಟು ಲೀಟರ್ ಹೇಳೂದು ಅಂತ ಈಗ್ಲೇ ಗೊತ್ತಾಗ್ಬೇಕಿತ್ತು.”